ಘಾಟು

ಗುರುವಾರದ ಟೆಂಡರ್ ಮುಗಿದು
ಚೀಟಿ ಬರೆದು ಬರೆದು ಬೆರಳು ಸೆಡೆತ ಹೊತ್ತಿಗೆ
ಲಾರಿ ಮಕ್ತುಂಸಾಬ ಬಂದು ಅಂಗಡಿ ಕಟ್ಟಿಗೆ ಕುಂತ.
ಚಾ ಕೊಟ್ಟರ ಕುಡೀಲಿಲ್ಲ.
"ಏಳನೇ ತಿರುವು ಇಲ್ಲ" ಅಂದ.

ಘಟ್ಟದಾಚೆ, ಹದಿನಾರು ವರ್ಷ
ಅವ ಬ್ಯಾಡಗಿ ಕಾಯಿ ಹೇರಿಕೊಂಡು ಹೋದ ದಾರಿ.
ಏಳನೇ ತಿರುವಿನ್ಯಾಗ ಒಂದು ಚಾದಂಗಡಿ,
ಕಾದ ಗಾಡಿಗೆ ಕೊಡ ತಂದು ನೀರು ಹಾಕೋ ಒಬ್ಬಾಕಿ.
ಭಾಷೆ ಬರದಽ ಇಬ್ಬರೂ ಅಷ್ಟು ವರ್ಷ ಮಾತಾಡಿದ್ರು.
ರಾತ್ರೋರಾತ್ರಿ ಗುಡ್ಡ ಜಾರಿ
ತಿರುವು, ಅಂಗಡಿ, ಕೊಡ, ಕೆಳಗಿನ ಮೂರು ಊರು,
"ಈಗ ಬರೇ ಮಣ್ಣು ಐತಂತ."

ಆ ಊರಿನ ಹೆಸರು ನಮ್ಮ ಬಾಯಾಗ ಹೊರಳಲಿಲ್ಲ,
ಮೂರು ಮಂದಿ ಮೂರು ಥರಾ ಅಂದ್ರು.
ಆದ್ರ ನನ್ನ ಕೀರ್ದಿಯೊಳಗ ಅದು ಮೊದಲಽ ಇತ್ತು:
ಡಬ್ಬಿಕಾಯಿ, ಹನ್ನೆರಡು ಚೀಲ, ಹೋದ ಸುಗ್ಗಿ,
ಬಾಕಿ ಪೂರಾ ಚುಕ್ತಾ.

ತೊಟ್ಟು ಬಿಡಿಸೋ ಹೆಣ್ಮಕ್ಕಳು ಕೇಳಿಸಿಕೊಂಡ್ರು.
ಫಕ್ಕೀರವ್ವ ಸೆರಗು ಝಾಡಿಸಿ ಎದ್ದು
"ಮನಿಗೆ ಇಪ್ಪತ್ತು ರೊಟ್ಟಿ" ಅಂದ್ಳು.
"ಖಡಕ್ ಬಡೀರಿ. ತಿಂಗಳು ಇಟ್ರೂ ಬೂಸು ಬರಬಾರದು."
ಅವತ್ತು ರಾತ್ರಿ ಓಣಿ ತುಂಬ ಅದಽ ಸಪ್ಪಳ.
ಬೀಬಿಜಾನ್ ಮೂರು ಸಲ ಕೈಗೆ ಮಜ್ಜಿಗಿ ಹಚ್ಚಿ ತೊಳಕೊಂಡ್ಳು:
ಹಗಲೆಲ್ಲ ಕಾಯಿ ಹಿಡಿದ ಕೈ,
ಅಲ್ಲೆ ಸಣ್ಣ ಕೂಸು ಇರ್ತಾವ.

ದರ್ಜಿ ನೀಲಕಂಠಪ್ಪ ಬಂದ ಅರಿವ್ಯಾಗೆಲ್ಲ ಕೈ ಆಡಿಸಿ
ಗುಂಡಿ ಎಣಿಸಿದ, ಹರಕು ಕೊಟ್ಟವರ ಬಾಗಿಲಿಗೇ ಹೋಗಿ
"ನಿಮ್ಮ ಮನಿ ನೆಲಾ ಒರಸಾಕ ಛಲೋ ಐತಿ" ಅಂತ ತಿರುಗಿ ಕೊಟ್ಟ.
ಸಾಹುಕಾರರು ಐದು ಸಾವಿರ ಬರೆಸಿ ಬ್ಯಾನರೂ ಮಾಡಿಸಿದ್ರು.
ಹಮಾಲ ಗುಡ್ಡಪ್ಪ ಅದನ್ನ ಲಾರಿಗೆ ತಾಡಪತ್ರಿ ಮಾಡಿ ಹೊದಿಸಿದ.
ಹೆಸರು ಒಳಮೈಗೆ ಬಂತು.

ನಾ ಬರಕೋತ ಕುಂತೆ.
ಕೀರ್ದಿಯೊಳಗ ಐದು ಮನಿ: ಮಾಲು, ಚೀಲ, ತೂಕ, ದರ, ಷರಾ.
ದರದ ಮನ್ಯಾಗ ಏನು ಬರೀಬೇಕು?
ಸೊನ್ನಿ ಬರೆದ್ರ ಫಕ್ಕೀರವ್ವಗ ಸಿಟ್ಟು ಬರ್ತೈತಿ.
ಖಾಲಿ ಬಿಟ್ಟೆ.

ಹೊಸಾ ಚೀಲ ಎಲ್ಲಿ ತರೋದು?
ಅಂಗಡಿ ಹಿಂದ ಒಟ್ಟಿದ್ದ ಗೋಣಿಚೀಲ ಒಳಹೊರಗ ತಿರುವಿ
ಎರಡೆರಡು ಸಲ ಝಾಡಿಸಿ, ಕೌದಿ ತುಂಬಿ, ಬಾಯಿ ಹೊಲಿದ್ವಿ.

ಒಂಬತ್ತು ದಿನಕ್ಕ ಮಕ್ತುಂಸಾಬ ತಿರುಗಿ ಬಂದ.
ಈ ಸಲ ಚಾ ಕುಡಿದ.

ಸಾಲಿಯೊಳಗ ಮುನ್ನೂರು ಮಂದಿ ಇದ್ರಂತ, ಮಾತಿಲ್ಲ ಕತಿ ಇಲ್ಲ.
ಮೊದಲ ಚೀಲ ಬಿಚ್ಚಿ ಕೌದಿ ಝಾಡಿಸಿದ್ದಽ ತಡ
ಒಬ್ಬ ಸೀನಿದ, ಮಗ್ಗಲಿನಾಂವ ಸೀನಿದ, ಕೂಸು, ಪೊಲೀಸಪ್ಪ,
ಸೂಜಿ ಹಿಡಿದ ಡಾಕ್ಟರಮ್ಮ,
ಇಡೀ ಸಾಲಿ ಸೀನ್ತು.
ಗ್ವಾಡಿ ನೋಡಕೋತ ಕುಂತ ಒಬ್ಬ ಮುದುಕಿ,
ಎಂಟು ದಿನದಿಂದ ತುಟಿ ಬಿಚ್ಚದಾಕಿ,
ನಾಕು ಸಲ ಸೀನಿ, ಮೂಗು ಒರಸಿಕೊಂಡು,
ಕಳಿಸಿದವರಿಗೆ ಬಾಯಿ ತುಂಬ ಬೈದ್ಳಂತ.

"ಏನಂತ ಬೈದ್ಳು?" ಫಕ್ಕೀರವ್ವ ಕೇಳಿದ್ಳು.
"ತಿಳೀಲಿಲ್ಲವ್ವ. ಉದ್ದಾನ ಬೈಗಳ.
ಆಮ್ಯಾಲೆ ಅತ್ತಳು. ಆಮ್ಯಾಲೆ ಗಂಜಿ ಬೇಡಿದ್ಳು."
"ಆ ಚಾದಂಗಡ್ಯಾಕಿ?"
ಅವ ತಲಿ ಅಲ್ಲಾಡಿಸಿದ.
ಅಲ್ಲ ಅಂತೋ, ಸಿಗಲಿಲ್ಲ ಅಂತೋ, ನಾವು ಕೇಳಲಿಲ್ಲ.

ನಮಗ ನಾಚಿಕಿ.
ಅಷ್ಟು ಝಾಡಿಸಿದ್ವಿ, ನಮ್ಮ ಮೂಗಿಗೆ ಎಳಿಯಷ್ಟೂ ಬಡಿದಿರಲಿಲ್ಲ.
ಹುಲಿಗೆವ್ವ ಒಂದು ಖಾಲಿ ಚೀಲ ತಗೊಂಡು
ಮುಖಕ್ಕ ಒತ್ತಿ, ಎದಿ ತುಂಬ ಉಸಿರು ಎಳದ್ಳು.
ಮೂಸಿದ್ಳು, ಮತ್ತ ಮೂಸಿದ್ಳು.
"ಏನೂ ಇಲ್ಲಲ್ಲಾ" ಅಂದ್ಳು.

ಸೋಮವಾರ ಟೆಂಡರಿಗೆ ಮೊದಲು ಕೀರ್ದಿ ತೆರೆದು
ಆ ಸಾಲಿನ ಕಡೀ ಮನ್ಯಾಗ, ಷರಾ ಇರೋ ಕಡೆ,
ಬರೆದೆ:
ಮುಟ್ಟೇತಿ.