ಐದು ಪದರ

ಜುಲೈ. ಬೈತಖೋಲದ ದಂಡೆಯಲ್ಲಿ ದೋಣಿಗಳೆಲ್ಲ
ಹೊಟ್ಟೆ ಮೇಲೆ ಮಾಡಿ ಮಲಗುವ ಕಾಲ.
ಆಗ ಬಂತು ನನ್ನ ತಗಡಿನ ಶೆಡ್ಡಿಗೆ
ನೆಲಕ್ಕೆ ಒಂದು ಗೇಣೂ ಬಿಡದೆ ಓಡುವ ಗಾಡಿ:
ಎರಡೇ ಸೀಟು, ಅರಿಶಿನದ ಬಣ್ಣ,
ಮುಂದಿನ ತುಟಿ ಸೀಳಿ ಎರಡು ಹೋಳು.

ಗೋವೆಯಿಂದ ತಂದದ್ದಂತೆ. ಮೂರು ಕೈ ದಾಟಿದ್ದು.
ತಂದವ ನಿಹಾಲ ರಾಯ್ಕರ, ಚಿನ್ನದ ಕೆಲಸದವರ ಮನೆಯವ.
ಹಿಂದೆಯೇ ಟೆಂಪೋದಲ್ಲಿ ಉಳಿದ ಕಿಟ್ಟು,
ಪಕ್ಕದ ಸ್ಕರ್ಟು ಎರಡು, ಹಿಂದಿನ ಬಂಪರು, ಒಂದು ರೆಕ್ಕೆ,
ಗೋಣಿಯಲ್ಲಿ ಸುತ್ತಿ ಹಗ್ಗ ಬಿಗಿದದ್ದು.
ಕೊಲ್ಲಾಪುರದಿಂದ ಘಟ್ಟ ಇಳಿಯುವಷ್ಟರಲ್ಲಿ
ಮೂಲೆಮೂಲೆಗೆ ಕೂದಲಿನಂಥ ಬಿರುಕು.

"ಗ್ಯಾರೇಜಿನವರು ಒಲ್ಲೆ ಅಂದರು ಮಾಮಾ.
ಫೈಬರು ಅಂದ್ರೆ ನೀವೇ ಅಂದರು."
ಯಾರು ಅಂದರು, ನಾನು ಕೇಳಲಿಲ್ಲ.
ಇಪ್ಪತ್ತಾರು ವರ್ಷ ದೋಣಿಗೆ ತೇಪೆ ಹಾಕಿದವನಿಗೂ
ಹೊಗಳಿಕೆ ಬೇಗ ಅಂಟುತ್ತದೆ.

ಮೈಗೆ ಕೊಬ್ಬರಿ ಎಣ್ಣೆ, ಅದರ ಮೇಲೆ ಪೌಡರು,
ತೋಳು ಮುಚ್ಚುವ ಹಳೆ ಅಂಗಿ.
ಗಾಜಿನ ಧೂಳು ಚರ್ಮ ಹೊಕ್ಕರೆ
ಮೂರು ರಾತ್ರಿ ಹೆಂಡತಿ ನನಗೆ ಬೇರೆ ಚಾಪೆ ಹಾಕುತ್ತಾಳೆ.
ಬಿರುಕಿನ ಬಾಯನ್ನು ಮೊದಲು ದೊಡ್ಡದು ಮಾಡಬೇಕು,
ಎಂಬತ್ತರ ಕಾಗದದಲ್ಲಿ ಇಳಿಜಾರು ಉಜ್ಜಬೇಕು.
ನಿಹಾಲ ಮುಖ ಕಿವುಚಿದ, ತನ್ನ ಹಲ್ಲನ್ನೇ ಉಜ್ಜಿದ ಹಾಗೆ.
"ರಿಪೇರಿಗೆ ತಂದದ್ದು, ಮಾಮಾ."
ಇದೇ ಅದು, ಅಂದೆ.

ಮಳೆಗಾಲದಲ್ಲಿ ರೆಸಿನ್ ಮುನಿಸಿಕೊಳ್ಳುತ್ತದೆ.
ಹಾರ್ಡ್‌ನರ್ ಎರಡು ಹನಿ ಹೆಚ್ಚಾದರೆ ಡಬ್ಬಿಯಲ್ಲೇ ಕುದಿದು ಕಲ್ಲು,
ಕಡಿಮೆಯಾದರೆ ಮರುದಿನವೂ ಹಲಸಿನ ಮೇಣ.
ನೂರು ವ್ಯಾಟಿನ ನಾಲ್ಕು ಬಲ್ಬು ಇಳಿಬಿಟ್ಟು
ಗಾಡಿಯ ಬಾಯಿಗೆ ಕಾವು ಕೊಟ್ಟು ಕೂತೆವು,
ನಾನು, ಸಹಾಯದ ಉಮಾಕಾಂತ,
ಕೋಳಿಮರಿ ಕಾಯುವವರ ಹಾಗೆ.

ಆಮೇಲೆ ಕೂರಿಸುವುದು.
ಅಚ್ಚಿಗೆ ಈ ಗಾಡಿಯ ಪರಿಚಯವೇ ಇರಲಿಲ್ಲ.
ಎಡಕ್ಕೆ ಕೂತರೆ ಬಲಕ್ಕೆ ಬೆರಳು ಹೋಗುವ ಸಂದು,
ತೂತು ಇದ್ದಲ್ಲಿ ಬೋಲ್ಟಿಲ್ಲ, ಬೋಲ್ಟು ಇದ್ದಲ್ಲಿ ತೂತಿಲ್ಲ.
ಹನ್ನೊಂದು ಸಲ ಹಾಕಿ ಹನ್ನೊಂದು ಸಲ ತೆಗೆದೆವು.
ಪ್ರತಿ ಸಲ ನಿಹಾಲ ಸಂದಿನಲ್ಲಿ
ಯಾರದೋ ಮದುವೆ ಕಾಗದ ತೂರಿಸಿ ನೋಡುತ್ತಿದ್ದ,
ಅಜ್ಜ ಗುಂಜಿ ಇಟ್ಟು ತೂಗಿದ ಕಣ್ಣು ಅದು.
ನನ್ನದು ದೋಣಿಯ ಕಣ್ಣು: ನೀರು ಬರದಿದ್ದರೆ ಸಾಕು.

ಅವನಿಗೆ ಹೇಳದೆ ನಾನೊಂದು ಕೆಲಸ ಮಾಡಿದೆ.
ಮುಂದಿನ ತುಟಿಗೆ ಒಳಗಿನಿಂದ ಐದು ಪದರ ಮ್ಯಾಟ್ ಕೊಟ್ಟೆ,
ಅಲೆಯ ಹೊಡೆತಕ್ಕೆ ಕೊಡುವಷ್ಟೇ.
ಬಿಣಗಾದ ಹಂಪಿಗೂ ಹೆದರಬೇಡ ಅಂದೆ.

ಒಂಬತ್ತನೇ ದಿನ ತಿರುಗಿ ಬಂದ.
ತುಟಿಗೆ ಒಂದು ಗೀರೂ ಇಲ್ಲ.
ಅದನ್ನು ಹಿಡಿದಿದ್ದ ಎಲುಬು ಕಿತ್ತು ಬಂದಿತ್ತು,
ಕಬ್ಬಿಣದ ಬ್ರಾಕೆಟ್ಟು, ಲೈಟಿನ ಕಿವಿ, ರೇಡಿಯೇಟರಿನ ಬುಡ.
ಹಂಪು ಹೊಡೆದದ್ದು ನನ್ನ ಐದು ಪದರಕ್ಕೆ,
ಪೆಟ್ಟು ತಿಂದದ್ದು ಹಿಂದಿದ್ದವರು.

ಅವನು ಬಯ್ಯಲಿಲ್ಲ. ಬಯ್ದಿದ್ದರೆ ಚಹಾ ಕುಡಿಸಿ ಕಳಿಸುತ್ತಿದ್ದೆ.
ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತ,
ಜ್ವರ ನೋಡುವವನ ಹಾಗೆ.

ದೋಣಿಯಲ್ಲಿ ಫೈಬರಿನ ಹಿಂದೆ
ಮೀನುಗಾರನ ಮಂಡಿ ಬಿಟ್ಟರೆ ಏನೂ ಇಲ್ಲ.
ಅದು ಒಡೆಯಕೂಡದು.
ಇದು ಮೊದಲು ಒಡೆಯಲಿಕ್ಕೆಂದೇ ಮುಂದೆ ನಿಂತದ್ದು.
ಇಷ್ಟು ತಿಳಿಯಲು ಐವತ್ತೊಂದು ವರ್ಷ ಹಿಡಿಯಿತು,
ಜೊತೆಗೆ ಇನ್ನೊಬ್ಬರ ರೇಡಿಯೇಟರು.

ಕತ್ತರಿಸಿ ತೆಗೆದೆ. ಮತ್ತೆ ಎರಡೇ ಪದರ,
ಬಣ್ಣಕ್ಕೆ ಮೊದಲು ಬೆಳಕಿಗೆ ಹಿಡಿದರೆ
ಹಿಂದಿನ ಬೆರಳು ಕಾಣುವಷ್ಟು ತೆಳು.
ಈ ಸಲ ದುಡ್ಡು ಕೇಳಲಿಲ್ಲ.
ಅವನು ಕೊಟ್ಟದ್ದನ್ನು ಬೇಡ ಅನ್ನಲೂ ಇಲ್ಲ.

ಗಾಡಿ ಹೋಯಿತು, ಹಂಪನ್ನು ಓರೆಯಾಗಿ ಹತ್ತುತ್ತ,
ಏಡಿ ಬಂಡೆ ಹತ್ತುವ ಹಾಗೆ.

ಆ ಹಳದಿ ತುಂಡು ಎಸೆಯಲು ಮನಸ್ಸಾಗಲಿಲ್ಲ.
ದಾಮು ಹರಿಕಂತ್ರನ ಸಣ್ಣ ದೋಣಿ
ಕಲ್ಲಿಗೆ ತಾಗಿ ಮೂಗು ಒಡೆದುಕೊಂಡಿತ್ತು.
ಹಚ್ಚಿ ನೋಡಿದೆ. ಒಂದೇ ಸಲಕ್ಕೆ ಕೂತಿತು,
ಸಂದಿನಲ್ಲಿ ಮದುವೆ ಕಾಗದವೂ ಹೋಗಲಿಲ್ಲ.
"ನೀಲಿ ಬಳಿಯಲಾ?" ಅಂದ ಉಮಾಕಾಂತ.
ಇರಲಿ ಬಿಡು.

ಆಗಸ್ಟ್ ಒಂದು. ಬೆಳಗಿನ ಜಾವ
ಕೂರ್ಮಗಡದ ಕಡೆ ಹೊರಟ ದೋಣಿಗಳಲ್ಲಿ
ಒಂದಕ್ಕೆ ಮಾತ್ರ ಅರಿಶಿನದ ಮೂಗು.
ನೀರಿನ ಮೇಲಿಂದ ದಾಮು ಕೂಗಿದ:
"ಎಷ್ಟು ಸ್ಪೀಡು ಹೋಗ್ತದಾ ಇದು?"