ಎಲೆ ನೋಡು ಮೊದಲು

ಎಲೆ ನೋಡು ಮೊದಲು, ಬಾಸಿಲ್. ಹೂವಲ್ಲ.
ಹೂವಿಗೆ ಯಾರು ಬೇಕಾದರೂ ಮರುಳಾಗುತ್ತಾರೆ:
ಎದೆಯೆತ್ತರದ ದಂಟು, ಗೆಣ್ಣುಗೆಣ್ಣಿಗೂ
ಹಳದಿ ಚುಕ್ಕಿಗಳ ಕೊರಳಪಟ್ಟಿ.
ಜುಲೈ ತಿಂಗಳಲ್ಲಿ ಈ ಸೆಜಾಲಿಯೇ ಬಯಲಿಗೆ ಬಂದವರೆಲ್ಲ
ಫೋಟೋ ಹಿಡಿದು ಇಳಿದುಹೋಗುತ್ತಾರೆ,
ಕಾಲಡಿಯ ಬೇರಿನ ಸುದ್ದಿಯಿಲ್ಲದೆ.

ಎಲೆ ಎದುರುಬದುರು ಇದ್ದರೆ,
ಒಂದೇ ಮೇಜಿಗೆ ಉಣ್ಣಲು ಕೂತವರ ಹಾಗೆ ಜೋಡಿಜೋಡಿ,
ಅದು ಜೆನ್ಷಿಯನ್.
ಒಂದು ಇತ್ತ, ಮೇಲೊಂದು ಅತ್ತ,
ಪರಸ್ಪರ ಮುಖ ನೋಡದೆ ಏಣಿ ಹತ್ತಿದ್ದರೆ
ಅದು ವೆರಾಟ್ರಮ್. ಎಲೆಯಡಿ ಸವರು:
ಬೆಕ್ಕಿನ ಹೊಟ್ಟೆಯಷ್ಟು ಮೆತ್ತಗೆ. ಬೇರೆಲ್ಲ ವಿಷ.
ಒಂದೇ ಹುಲ್ಲುಗಾವಲು, ಒಂದೇ ಹಸಿರು,
ಹೂಬಿಡುವ ಮುಂಚೆ ಅವಳಿಜವಳಿ.
ಕಣ್ಣಿಗೆ ಅನುಮಾನ ಬಂದರೆ ಕೈಯನ್ನು ಕೇಳು
ಅನ್ನುತ್ತಿದ್ದ ನಮ್ಮಪ್ಪ.
ಆ ಕೆಂಪು ಹಸುಗಳನ್ನು ನೋಡು,
ಸುತ್ತ ನುಣ್ಣಗೆ ಬೋಳಿಸಿ ಎರಡನ್ನೂ ಬಿಟ್ಟಿವೆ.
ಅವಕ್ಕೆ ಯಾವ ಅಪ್ಪನೂ ಹೇಳಿಕೊಟ್ಟಿಲ್ಲ.

ಕೆಳಗಿನ ಕಣಿವೆಯ ಕೊಬ್ಬಿದ ತೋಟ ಇದಕ್ಕೆ ಒಗ್ಗದು.
ಬೇಕಾದ್ದು ಚಳಿ, ಗಾಳಿ,
ಸತ್ತ ಜ್ವಾಲಾಮುಖಿಯ ಕರಿಮಣ್ಣು,
ಮತ್ತೆ, ಯಾರೂ ಅವಸರ ಮಾಡದಿರುವುದು.
ಹತ್ತು ವರ್ಷಕ್ಕೆ ಮೊದಲ ಹೂ.
ಬಿಟ್ಟರೆ ಅರುವತ್ತು ವರ್ಷ ಬದುಕೀತು, ನನ್ನಷ್ಟು.

ಈಗ ಕವೆಗೋಲು ಹಿಡಿ. ದೆವ್ವದ ಕವೆ ಅನ್ನುತ್ತೇವೆ,
ಎರಡೇ ಹಲ್ಲು, ನಿನ್ನ ತೂಕದ ಅರ್ಧ ಅದೇ ಇದೆ.
ಬುಡಕ್ಕೆ ತುಸು ದೂರ ಊರು. ಕಾಲಿಡು.
ತೋಳಿನಿಂದ ಎಳೆಯಬೇಡ, ಮೈಯನ್ನೇ ಹಿಂದಕ್ಕೆ ಬಿಡು,
ಕುರ್ಚಿ ಇದೆಯೆಂದು ನಂಬಿ ಕೂರುವ ಹಾಗೆ.
ಕೇಳಿಸಿತೇ? ನೆಲದ ನಟಿಕೆ.
ಕಂದು, ಸುಕ್ಕು, ಮೊಣಕೈಯಷ್ಟು ದಪ್ಪ;
ಮುರಿದರೆ ಒಳಗೆ ಬೆಣ್ಣೆಯ ಹಳದಿ.
ನಾಲಗೆಗೆ ತಾಗಿಸು. ಚೂರೇ.

ಹ್ಞಾ. ನಾಳೆ ಬೆಳಿಗ್ಗೆಯ ಕಾಫಿಯಲ್ಲೂ ಇರುತ್ತದೆ ಅದು.
ಜ್ವರದಿಂದ ಎದ್ದವರಿಗೆ, ಊಟ ಸೇರದವರಿಗೆ,
ಊಟಕ್ಕೆ ಮುಂಚೆ ಕಿರುಬೆರಳ ಗಾತ್ರದ ಲೋಟ:
ಮಲಗಿದ ಹೊಟ್ಟೆಯನ್ನು ಬೈದು ಎಬ್ಬಿಸುತ್ತದೆ.
ಹೊಟ್ಟೆಹುಣ್ಣಿದ್ದವರಿಗೆ ಬೇಡ, ಬಸುರಿಯರಿಗೆ ಬೇಡ.
ಉಳಿದದ್ದು ಲಾರಿಗೆ, ಕಿಲೋ ಲೆಕ್ಕ,
ಪಟ್ಟಣದ ಅಂಗಡಿಯ ಹಳದಿ ಬಾಟಲಿಗೆ.

ಸಣ್ಣ ಬೇರು ಮಣ್ಣಲ್ಲೇ ಇರಲಿ. ಗುಂಡಿ ಮುಚ್ಚು.
ಹುಲ್ಲಿನ ಹೆಪ್ಪಳಿಕೆ ತಿರುಗಿಸಿ ಹಾಕು, ತುಳಿ.
ಇನ್ನು ಇಪ್ಪತ್ತು ವರ್ಷ ಇಲ್ಲಿಗೆ ಕವೆ ತರುವಂತಿಲ್ಲ.
ಬರೆದಿಟ್ಟ ಕಾನೂನಲ್ಲ. ಬಾಯಿಮಾತು.
ಬಾಯಿಮಾತು ಮುರಿಯಲು ಜೆಸಿಬಿ ಸಾಕು.

ನನ್ನ ಅಣ್ಣ ತಂದಿದ್ದ.
ಅಪ್ಪನನ್ನು ಮಣ್ಣು ಮಾಡಿದ ಬೇಸಿಗೆ
ಮೂರು ದಿನ ಗರಗರ ತಿರುಗಿ ಈ ಇಡೀ ಬಯಲು
ಬಾಚಿಹೋಯಿತು, ಮರಿ ಬೇರೂ ಬಿಡದೆ.
ಆಮೇಲೆ ಒದಿಲೋನನ ಹತ್ತಿರ ನಾನು
ಒಂದು ಮಾತೂ ಆಡಿಲ್ಲ. ಇಪ್ಪತ್ತೆರಡು ವರ್ಷ.
ಚರ್ಚಿನಲ್ಲಿ ಅವನು ಬಲಬದಿ, ನಾನು ಎಡಬದಿ,
ಅವನದೊಂದು ಸಾಲು ಹಿಂದೆ.

ಬೀಜ ಬಿತ್ತಿದೆ. ಕಾಗದದ ಸಿಪ್ಪೆಯಂಥ ಬೀಜ,
ಸೀನಿದರೆ ಒಂದು ತೋಟವೇ ಹಾರಿಹೋದೀತು.
ಮೇಲೆ ಮಣ್ಣು ಮುಚ್ಚಬಾರದು, ಬೆಳಕು ಬೇಕು ಅದಕ್ಕೆ;
ಪೆಟ್ಟಿಗೆಯನ್ನು ಹಿಮದಲ್ಲೇ ಬಿಡಬೇಕು,
ಚಳಿ ಕಡಿಯದೆ ಕಣ್ಣು ಬಿಡುವ ಜಾತಿಯಲ್ಲ.
ಮೊದಲ ವಸಂತಕ್ಕೆ ಇಲಿಕಿವಿಯಷ್ಟು ಎರಡೆಲೆ.
ಊರು ನಕ್ಕಿತು: ಫಿಲೋಮೆನಾ ಕಹಿ ಬೆಳೆಯುತ್ತಾಳಂತೆ,
ಅವಳ ಮನೆಯಲ್ಲಿ ಸಾಲದಾಯಿತೇ!
ಒಂಬತ್ತು ವರ್ಷ ಬರೀ ಎಲೆ.
ಬರೀ ಎಲೆ ಎದುರುಬದುರು, ಎದುರುಬದುರು.

ಅಗೋ, ಆ ಕಲ್ಲುಗುಡಿಸಲ ಕಡೆ ಯಾರೋ ಬಗ್ಗಿದ್ದಾರಲ್ಲ,
ನೀಲಿ ಟೋಪಿ. ಅವನೇ.
ಬರಿಗೈಯಲ್ಲಿ ಬಂದಿದ್ದಾನೆ, ಕವೆ ಒಂದೇ,
ಅಪ್ಪನದು, ಹಿಡಿ ಸವೆದದ್ದು.
ಮಂಡಿ ಹಿಡಿದುಕೊಂಡಿದೆ ಪಾಪ, ಹಿಂದಕ್ಕೆ ವಾಲಲು
ಭಯ ಅವನಿಗೆ.

ನೀನು ನೀರು ತರುವ ನೆಪದಲ್ಲಿ ಆ ದಾರಿ ಹೋಗು.
ಗುಂಡಿ ಮುಚ್ಚುತ್ತಾನೋ ಇಲ್ಲವೋ ನೋಡಿ ಬಂದು ಹೇಳು.
ನಾನು ನೋಡುವುದಿಲ್ಲ.