ಸುಂಕದವರ ಮುಂದೆ

ಮಾರ್ಚ್ ತಿಂಗಳ ಮೊದಲ ಮಂಗಳವಾರ.
ವರ್ಮಾಂಟಿನ ಟೆನ್ನಿ ಹಾಲೋ. ಶಾಲೆಯ ಜಿಮ್ಮಿನಲ್ಲಿ
ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಊರು ಕೂತಿದೆ,
ಮಡಚುವ ಕುರ್ಚಿಗಳ ಮೇಲೆ,
ಬೂಟಿಗಂಟಿದ ಹಿಮ ನೆಲಕ್ಕೆ ಕರಗಿಸುತ್ತ.

ಎಲ್ಲರ ಕೈಯಲ್ಲೂ ಊರ ಲೆಕ್ಕದ ಪುಸ್ತಕ.
ಪುಟ ಹನ್ನೆರಡು: ಉಪ್ಪು, ಮರಳು, ಜಲ್ಲಿ.
ಪುಟ ಮೂವತ್ತು: ಲೈಬ್ರರಿಯ ಕಿಟಕಿಗೆ ಗಾಜು,
ಇನ್ನೂರ ಹದಿನಾಲ್ಕು ಡಾಲರು.
ಸ್ಮಶಾನದ ಹುಲ್ಲು ಕತ್ತರಿಸಿದವನ ಕೂಲಿ.
ಪುಟ ಅರವತ್ತಮೂರು: ತೆರಿಗೆ ಬಾಕಿಯವರು,
ಹೆಸರು ಸಮೇತ, ಸೆಂಟು ಸಮೇತ.

ನಾನು ಡೈರಿಯಲ್ಲಿ ಹಾಲಿನ ಜಿಡ್ಡು ಅಳೆಯುವವಳು.
ಹನ್ನೊಂದು ವರ್ಷ ಈ ಊರಿಗೆ ಕಂದಾಯ ಕಟ್ಟಿದ್ದೇನೆ,
ಒಂದು ದಿನ ತಡವಾಗಿಲ್ಲ.
ಪೌರತ್ವವಿಲ್ಲ, ಕೈ ಎತ್ತುವಂತಿಲ್ಲ.
ನಮ್ಮಂಥವರಿಗೆ ಗೋಡೆ ಬದಿಯ ಬೇರೆ ಸಾಲು:
ನಾನು, ಕೆನಡಾದ ಒಬ್ಬ ಬಡಗಿ,
ಪೇಪರಿಗೆ ಬರೆಯುವ ಪಕ್ಕದೂರ ಹುಡುಗಿ,
ಅಜ್ಜನ ಹೆಗಲ ಮೇಲಿಂದ ಇಳಿಸಿದ, ಹಲ್ಲು ಬಾರದ ಒಂದು ಕೂಸು.

ರಸ್ತೆ ಕೆರೆಯುವ ಗ್ರೇಡರಿಗೆ
ಮೂರು ಲಕ್ಷದ ನಲವತ್ತು ಸಾವಿರ, ಹತ್ತು ವರ್ಷದ ಕಂತು.
ಡ್ವೈಟ್ ಎದ್ದ: ಹಳೆಯದರ ಹೊಟ್ಟೆಗೆ ತಂತಿ ಬಿಗಿದು ಓಡಿಸ್ತಾ ಇದ್ದೀನಿ,
ಸ್ಕೂಲ್ ಬಸ್ಸು ಕೆಸರಲ್ಲಿ ಹೂತರೆ ನನ್ನ ಬೈಬೇಡಿ.
ಹಳದಿ ಬಣ್ಣದ್ದೇ ಬೇಕಾ, ಯಾರೋ ಕೇಳಿದರು.
ಎರಡು ಗಂಟೆ ಜಗ್ಗಾಡಿ, ಮತ ಸಂಜೆಗೆ ಮುಂದೂಡಿ,
ಬೇಯಿಸಿದ ಬೀನ್ಸು, ಮೇಪಲ್ ಪೈ, ನೀರು ಕಾಫಿ.

ಊಟದ ಮೇಲೆ ಹದಿನೇಳನೆಯ ಕಲಮು:
ಬಾಕಿದಾರರ ಹೆಸರು ಇನ್ನು ಅಚ್ಚು ಹಾಕಬಾರದು.

ನಾನು ಎದ್ದು ನಿಂತೆ.
ಸಭೆ ನಡೆಸುವ ಆರ್ಲೋ ಬ್ಯಾಚೆಲ್ಡರ್ ಕನ್ನಡಕ ಸರಿಸಿದ:
ಮತವಿಲ್ಲದವಳಿಗೆ ಮಾತು ಕೊಡಬಹುದೆ?
ಮೂರರಲ್ಲಿ ಎರಡು ಪಾಲು ಒಪ್ಪಬೇಕು.
ಕೈಗಳು ಎದ್ದವು. ಎರಡು ಬೆರಳು ಗರಗಸಕ್ಕೆ ಕೊಟ್ಟ ಕೈ,
ಗವಸು ಕಳಚದ ಕೈ,
ಅರ್ಧಕ್ಕೇ ನಿಂತು ಯೋಚಿಸುವ ಕೈ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ
ಅಂತ ನಮ್ಮಲ್ಲೊಂದು ಗಾದೆ.
ಇಲ್ಲಿ ಸುಂಕದವನು ಯಾರೆಂದು ಹುಡುಕಿದೆ.
ಇನ್ನೂರು ಜನ. ಎಲ್ಲರ ಜೇಬಿನಲ್ಲೂ ಎಲ್ಲರ ಕೈ.

ಹೇಳಿದೆ: ಆ ಪುಟದಲ್ಲಿರುವ ಒಬ್ಬರು
ನನ್ನ ಕಾರನ್ನು ಚರಂಡಿಯಿಂದ ಎಳೆದು, ಹಣ ಬೇಡವೆಂದವರು.
ಕಷ್ಟಕ್ಕೆ ಪುಟಸಂಖ್ಯೆ ಯಾಕೆ?
ಅಲ್ಲಲ್ಲಿ ಚಪ್ಪಾಳೆ.

ಆಗ ಎದ್ದಳು ಲುಯೆಲಾ ಪೆಕ್. ವಯಸ್ಸು ಎಂಬತ್ತೊಂದು,
ಬಾಕಿ ನಾಲ್ಕು ಸಾವಿರದ ಆರುನೂರ ಎಂಟು.
"ಹುಡುಗಿ ಒಳ್ಳೆಯವಳು. ಹೇಳಿದ್ದು ತಪ್ಪು.
ನನ್ನ ಮೇಲಿನ ಹುಲ್ಲುಗಾವಲಿಂದ ಸರೋವರ ಕಾಣುತ್ತದಂತೆ,
ಅದಕ್ಕೇ ನೆಲದ ಬೆಲೆ ಎರಡರಷ್ಟು, ನೋಟಕ್ಕೂ ತೆರಿಗೆ."
(ನೋಟಕ್ಕೆ ನೋಟು, ಅಂದುಕೊಂಡೆ; ನಗಲು
ಆ ಜಿಮ್ಮಿನಲ್ಲಿ ಜೊತೆ ಯಾರೂ ಇರಲಿಲ್ಲ.)
"ಮಂಡಿ ಹೋಗಿ ಎಂಟು ವರ್ಷ. ಆ ಗುಡ್ಡ ಹತ್ತಿಲ್ಲ.
ಅಡುಗೆಮನೆಯಿಂದ ಗೊಬ್ಬರದ ಗುಂಡಿ ಕಾಣುತ್ತೆ,
ಅದಕ್ಕೆಷ್ಟು ಕಳೆದಿದ್ದೀರಿ?
ಹೆಸರು ಹಾಕಿ. ದಪ್ಪಕ್ಷರದಲ್ಲಿ ಹಾಕಿ.
ನನ್ನ ಮುಚ್ಚಿಟ್ಟರೆ ನಿಮಗೇ ನೆಮ್ಮದಿ."
ಕೂತಳು. ಪೈ ಡಬ್ಬಿಯ ಮುಚ್ಚಳ ಒತ್ತಿದಳು, ಟಕ್.

ಕಲಮು ಬಿದ್ದುಹೋಯಿತು.
ಬೆಲೆ ಮತ್ತೆ ಕಟ್ಟಲು ಮೂವರ ಸಮಿತಿ;
ಅದರಲ್ಲೊಬ್ಬ ಆಗಲೇ ತೂಕಡಿಸುತ್ತಿದ್ದ.
ಲುಯೆಲಾ ನನ್ನತ್ತ ನೋಡಲಿಲ್ಲ, ಹೋಗುವಾಗ
ಉಳಿದ ಪೈ ನನ್ನ ಕುರ್ಚಿಯ ಮೇಲಿಟ್ಟಳು.

ಕೊನೆಗೆ ಗ್ರೇಡರು.
ಒಪ್ಪುವವರು ಹೌದೆನ್ನಿ, ಅಂದ ಆರ್ಲೋ.
ಎದ್ದ ಸದ್ದಿಗೆ ಬುಟ್ಟಿಯ ಬಲೆ ಅಲುಗಿತು.
ನಾನು ತುಟಿ ಬಿಗಿಹಿಡಿದಿದ್ದೆ.
ಪಕ್ಕದ ಕೂಸು ಬೆಚ್ಚಿ,
ಇನ್ನೂರು ದನಿ ಅಡಗಿದ ಮೇಲೆ ಒಂದೇ ಒಂದು ದನಿ,
ಏನೋ ಅಂದಿತು, ಜೋರಾಗಿ.

ಆರ್ಲೋ ಸುತ್ತಿಗೆ ಎತ್ತಿದವನು
ಒಂದು ಕ್ಷಣ ಹಾಗೇ ಹಿಡಿದುಕೊಂಡ.